ಬೀಪ್ ಎನ್ನುವ ಪೆಟ್ಟಿಗೆ, ಬಾಯಿ ಮುಚ್ಚಿಸುವ ಗುಂಡಿ

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಾನೆ. ಹೊಸ ಕಂಪ್ಯೂಟರ್ ಕೊಳ್ಳುವಷ್ಟು ಅನುಕೂಲವಿಲ್ಲದ್ದರಿಂದ ಹಳೆಯ ಡೆಸ್ಕ್‌ಟಾಪ್ ಒಂದನ್ನು ಕೊಂಡಿದ್ದಾರೆ. ಅಂಗಡಿಯವರೇ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದಾರೆ. ಮನೆಯೆಂದರೆ ಒಂದು ಹಾಲು, ಒಂದು ಅಡುಗೆಮನೆ. ಮಗ ರಾತ್ರಿ ಹನ್ನೊಂದರವರೆಗೆ ಹಾಲಿನಲ್ಲಿ ಕುಳಿತು ಪ್ರೋಗ್ರಾಂ ಬರೆಯುತ್ತಾನೆ. ಕೈ ಸ್ವಲ್ಪ ತಪ್ಪಿದರೆ ಸಾಕು, ಕಂಪ್ಯೂಟರ್ ‘ಬೀಪ್’ ಎನ್ನುತ್ತದೆ. ಪಕ್ಕದಲ್ಲೇ ಮಲಗಿದ ಅಜ್ಜಿ ಬೆಚ್ಚಿಬಿದ್ದು ಏಳುತ್ತಾರೆ. ಮತ್ತೆ ಅವರಿಗೆ ನಿದ್ದೆ ಹತ್ತಬೇಕಾದರೆ ಎರಡು ಗಂಟೆ. ಸದ್ದು ತಗ್ಗಿಸೋಣವೆಂದರೆ ಅದಕ್ಕೆ ಸ್ಪೀಕರನ್ನೇ ಹಾಕಿಲ್ಲ. ಕೂಗು ಬರುವುದು ಪೆಟ್ಟಿಗೆಯ ಹೊಟ್ಟೆಯೊಳಗಿಂದ. ಕೆಲವು ದಿನ ಬೆಳಿಗ್ಗೆ ಆನ್ ಮಾಡಿದಾಗಲೂ ಪರದೆ ಕಪ್ಪಗೇ ಇದ್ದು, ಬೀಪ್ ಬೀಪ್ ಎಂದು ಕೂಗುತ್ತಲೇ ಇರುತ್ತದೆ. ಅಂಗಡಿಯವರನ್ನು ಕೇಳಿದರೆ ‘ಒಳಗಿನ ತಂತಿ ಕಿತ್ತುಬಿಡಿ’ ಎನ್ನುತ್ತಾರೆ. ಮಗನೋ, ಇಂಟರ್‌ನೆಟ್ಟಿನಿಂದ ಒಂದು ಪುಟ್ಟ ತಂತ್ರಾಂಶ ಇಳಿಸಿಕೊಂಡಿದ್ದಾನೆ. ಒಮ್ಮೆ ಒತ್ತಿದರೆ ಕೂಗು ಬಂದ್, ಇನ್ನೊಮ್ಮೆ ಒತ್ತಿದರೆ ಚಾಲೂ. ಆದರೆ ಅದು ಕಂಪ್ಯೂಟರಿನ ಮುಖ್ಯ ಪಾಸ್‌ವರ್ಡ್ ಕೇಳುತ್ತಿದೆ. ಆ ಪಾಸ್‌ವರ್ಡ್ ತಾಯಿಯ ಬಳಿ ಇದೆ. ‘ಕೊಡಲೇ, ಬೇಡವೇ?’

ತಿಳಿಯದ ವಿಷಯವೆಂದು ಮಗ ಹೇಳಿದ್ದಕ್ಕೆಲ್ಲ ತಲೆಯಾಡಿಸದೆ, ಕೊಡುವ ಮೊದಲು ಕೇಳಿದ್ದಾರಲ್ಲ, ಅದಕ್ಕೇ ಈ ತಾಯಿಗೆ ಅರ್ಧ ಮಾರ್ಕು ಹೆಚ್ಚು. ಉಳಿದ ಮಾರ್ಕು ಉತ್ತರ ಕೊಡುವ ನನ್ನ ಮೇಲಿದೆ. ತಂತಿ ಕೀಳುವುದು, ಪಾಸ್‌ವರ್ಡ್ ಕೊಡುವುದು, ಸುಮ್ಮನೆ ಸಹಿಸಿಕೊಳ್ಳುವುದು ಎಂಬ ಮೂರು ದಾರಿಗಳು ಪತ್ರದಲ್ಲಿವೆ. ನಾಲ್ಕನೆಯ ದಾರಿಯೂ ಒಂದಿದೆ. ಅದಕ್ಕೆ ಮೊದಲು ಈ ಕೂಗಿನ ಗುಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೊಟ್ಟೆಯೊಳಗಿನ ಪೀಪಿ

ಐಬಿಎಂ ಕಂಪನಿ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದ್ದು 1981ರ ಆಗಸ್ಟ್ 12ರಂದು. ಅದರ ಪೆಟ್ಟಿಗೆಯೊಳಗೆ ಎರಡೂಕಾಲು ಅಂಗುಲದ ಒಂದು ಪುಟ್ಟ ಸ್ಪೀಕರ್ ಇತ್ತು. ಹಾಡು ಕೇಳಿಸುವುದಕ್ಕಲ್ಲ, ಎಚ್ಚರಿಸುವುದಕ್ಕೆ. ಆಮೇಲೆ ಬಂದ ಡೆಸ್ಕ್‌ಟಾಪ್‌ಗಳಲ್ಲೆಲ್ಲ ಈ ಪೀಪಿ ಮುಂದುವರಿಯಿತು. ಗಾತ್ರ ಮಾತ್ರ ಕುಗ್ಗುತ್ತ ಬಂದು ಈಗ ಹಲವು ಯಂತ್ರಗಳಲ್ಲಿ ಅದು ಹುಣಿಸೆಬೀಜದಷ್ಟು ದೊಡ್ಡ ಕಪ್ಪು ಗುಂಡಿ. ಹೊಸ ಪೆಟ್ಟಿಗೆಗಳಲ್ಲಿ ಅನೇಕ ವೇಳೆ ಅದೂ ಇರುವುದಿಲ್ಲ. ಅದನ್ನು ಸಿಕ್ಕಿಸುವ ನಾಲ್ಕು ಮುಳ್ಳುಗಳ ಜಾಗ ಮಾತ್ರ ಮದರ್‌ಬೋರ್ಡಿನ ಮೂಲೆಯಲ್ಲಿ ಖಾಲಿ ನಿಂತಿರುತ್ತದೆ.

ಕೂಗಿ ಎಚ್ಚರಿಸುವ ಪದ್ಧತಿ ಇದಕ್ಕೂ ಹಳೆಯದು. ಪತ್ರಿಕಾ ಕಚೇರಿಗಳಲ್ಲಿ ಟೆಲಿಪ್ರಿಂಟರ್ ಕಟಕಟ ಎನ್ನುತ್ತಿದ್ದ ಕಾಲದಲ್ಲಿ, ತುರ್ತು ಸುದ್ದಿ ಬಂದರೆ ಯಂತ್ರದೊಳಗಿನ ಗಂಟೆ ಬಾರಿಸುತ್ತಿತ್ತು. ಟೀ ಕುಡಿಯಲು ಎದ್ದುಹೋದ ಉಪಸಂಪಾದಕರು ಓಡಿಬರಬೇಕು! ಆ ಗಂಟೆ ಹೊಡೆಸಲು ತಂತಿಯ ಮೂಲಕ ಒಂದು ಸಂಕೇತ ಕಳಿಸಬೇಕಾಗಿತ್ತು. 1963ರಲ್ಲಿ ಅಮೆರಿಕದಲ್ಲಿ ‘ಆಸ್ಕಿ’ ಎಂಬ ಅಕ್ಷರ ಸಂಕೇತಗಳ ಪಟ್ಟಿ ಸಿದ್ಧವಾದಾಗ ಈ ಗಂಟೆಗೂ ಅದರಲ್ಲಿ ಜಾಗ ಸಿಕ್ಕಿತು. ಅದರ ಸಂಖ್ಯೆ 7. ಬರೆದರೆ ಕಾಣದ, ಕೇಳಿಸಿಕೊಳ್ಳಬೇಕಾದ ಅಕ್ಷರ ಅದು. ಕಂಟ್ರೋಲ್ ಕೀಲಿ ಹಿಡಿದು ‘ಜಿ’ ಒತ್ತಿದರೆ ಇದೇ ಸಂಕೇತ ಹೊರಡುತ್ತದೆ. ‘ಜಿ’ಯೇ ಏಕೆ? ಎ, ಬಿ, ಸಿ ಎಂದು ಎಣಿಸಿ ನೋಡಿ, ಅದು ಏಳನೆಯ ಅಕ್ಷರ.

ಈಗ ಲಿನಕ್ಸಿನ ಕಪ್ಪು ಪರದೆಯಲ್ಲಿ ಏನಾಗುತ್ತದೆಂದು ನೋಡಿ. ಆಜ್ಞೆಯ ಸಾಲಿನಲ್ಲಿ ಅಳಿಸಲು ಏನೂ ಇಲ್ಲದಿದ್ದರೂ ಹಿಂದಕ್ಕೆ ಅಳಿಸುವ ಕೀಲಿ ಒತ್ತಿದಿರಿ. ಅಥವಾ ಪದ ಪೂರ್ತಿ ಮಾಡಲೆಂದು ಟ್ಯಾಬ್ ಒತ್ತಿದಿರಿ, ಆದರೆ ಹೊಂದುವ ಪದ ನಾಲ್ಕಾರು ಇವೆ. ಆಗ ಕಂಪ್ಯೂಟರ್ ಆ 7ನೇ ಸಂಕೇತವನ್ನು ಕಳಿಸುತ್ತದೆ, ಪೀಪಿ ಕೂಗುತ್ತದೆ. ಹಾಸನದ ಅಜ್ಜಿಯ ನಿದ್ದೆ ಕೆಡಿಸುತ್ತಿರುವುದು ಟೆಲಿಪ್ರಿಂಟರ್ ಕಾಲದ ಗಂಟೆಯ ಮರಿಮಗಳು.

ಭಾಗಾಕಾರದಿಂದ ಸ್ವರ

ಪೀಪಿಗೆ ಸ್ವರ ಹುಟ್ಟುವ ಬಗೆ ಬಹಳ ಸೊಗಸಾದದ್ದು. ವಿದ್ಯಾರ್ಥಿಗಳು ಒಂದು ಹಾಳೆ ಹಿಡಿದು ಕುಳಿತುಕೊಳ್ಳಿ.

ಐಬಿಎಂ ಯಂತ್ರದ ಎದೆಬಡಿತಕ್ಕೆ ಸೆಕೆಂಡಿಗೆ ಸುಮಾರು 1 ಕೋಟಿ 43 ಲಕ್ಷ ಸಲ ಕಂಪಿಸುವ ಒಂದು ಹರಳನ್ನು ಬಳಸಿದ್ದರು. ಸರಿಯಾಗಿ ಹೇಳಬೇಕೆಂದರೆ 14.31818 ಮೆಗಾಹರ್ಟ್ಸ್. ಇದೇನು ವಿಚಿತ್ರ ಸಂಖ್ಯೆ? ಅಮೆರಿಕದ ಬಣ್ಣದ ಟೆಲಿವಿಷನ್ನಿನ ಬಣ್ಣದ ಸಂಕೇತ 3.579545 ಮೆಗಾಹರ್ಟ್ಸ್. ಅದರ ನಾಲ್ಕರಷ್ಟು ಇದು. ಕಂಪ್ಯೂಟರನ್ನು ಟಿವಿಗೆ ಜೋಡಿಸಲೂ ಅನುಕೂಲವಾಗಲಿ ಎಂದು ಆರಿಸಿಕೊಂಡದ್ದು. ಇದನ್ನು 3ರಿಂದ ಭಾಗಿಸಿದರೆ ಆ ಯಂತ್ರದ ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. 12ರಿಂದ ಭಾಗಿಸಿದರೆ ಸೆಕೆಂಡಿಗೆ 11,93,182 ಬಡಿತ. ಇದು ಇಂಟೆಲ್ 8253 ಎಂಬ ಎಣಿಕೆಯ ಚಿಪ್ಪಿಗೆ ಹೋಗುತ್ತದೆ.

ಈ ಚಿಪ್ಪಿಗೆ ಮೂರು ಕೈ. ಒಂದು ಕೈ ಗಡಿಯಾರ ನಡೆಸುತ್ತದೆ. ಇನ್ನೊಂದು ಮೆಮೊರಿಯ ನೆನಪು ಅಳಿಯದಂತೆ ಆಗಾಗ ತಟ್ಟಿ ಎಬ್ಬಿಸುತ್ತದೆ. ಮೂರನೆಯದು ಪೀಪಿ ಊದುತ್ತದೆ. ಪೀಪಿಯ ಕೈಗೆ ನಾವೊಂದು ಭಾಜಕ ಕೊಡಬೇಕು. 11,93,182ನ್ನು ಅದು ನಮ್ಮ ಸಂಖ್ಯೆಯಿಂದ ಭಾಗಿಸಿ, ಬಂದಷ್ಟು ಕಂಪನವನ್ನು ಸ್ಪೀಕರಿಗೆ ಕಳಿಸುತ್ತದೆ.

ಷಡ್ಜವನ್ನು 240 ಕಂಪನಕ್ಕೆ ಇಟ್ಟುಕೊಳ್ಳಿ. ಭಾಜಕ 4972. ಪಂಚಮ ಷಡ್ಜದ ಒಂದೂವರೆಯಷ್ಟು, ಅಂದರೆ 360 ಕಂಪನ. ಭಾಜಕ 3314. ಮೇಲಿನ ಷಡ್ಜ ಎರಡರಷ್ಟು, 480. ಭಾಜಕ 2486. ಮೊದಲಿನ 4972ರ ಸರಿಯಾಗಿ ಅರ್ಧ! ಭಾಜಕ ಅರ್ಧವಾದರೆ ಸ್ವರ ಒಂದು ಸ್ಥಾಯಿ ಮೇಲಕ್ಕೇರುತ್ತದೆ. ಸಂಗೀತದ ಮೇಷ್ಟ್ರು ಶ್ರುತಿಪೆಟ್ಟಿಗೆ ಹಿಡಿದು ಹೇಳಿಕೊಟ್ಟಿದ್ದನ್ನೇ ಚಿಪ್ಪು ಭಾಗಾಕಾರದಲ್ಲಿ ಹೇಳಿಕೊಡುತ್ತದೆ. ಜಿಡಬ್ಲ್ಯೂ-ಬೇಸಿಕ್ ಕಲಿತ ಹಳೆಯ ವಿದ್ಯಾರ್ಥಿಗಳಿಗೆ ‘ಸೌಂಡ್ 440, 18’ ಎಂಬ ಆಜ್ಞೆ ನೆನಪಿರಬಹುದು. ಸುಮಾರು ಒಂದು ಸೆಕೆಂಡು 440 ಕಂಪನದ ಸ್ವರ. ಒಳಗೆ ನಡೆಯುತ್ತಿದ್ದುದು ಈ ಭಾಗಾಕಾರವೇ.

ಸ್ವರ ಬದಲಿಸಬಹುದು. ಸದ್ದು ತಗ್ಗಿಸಬಹುದೇ? ಆಗುವುದಿಲ್ಲ. ಪೀಪಿಯ ತಂತಿಯಲ್ಲಿ ವಿದ್ಯುತ್ತು ಇದೆ ಅಥವಾ ಇಲ್ಲ, ನಡುವಿನ ಮಟ್ಟವೇ ಇಲ್ಲ. ನಮ್ಮ ಟಿವಿ, ರೇಡಿಯೋಗಳಿಗೆ ಇರುವ ತಿರುಗಿಸುವ ಗುಂಡಿ ಇದಕ್ಕೆ ಇಲ್ಲದಿರುವುದು ಅದಕ್ಕೇ. ಆದ್ದರಿಂದಲೇ ಜನ ಇದಕ್ಕೆ ‘ತಗ್ಗಿಸುವ’ ತಂತ್ರಾಂಶ ಬರೆಯಲಿಲ್ಲ, ‘ಆರಿಸುವ-ಹೊತ್ತಿಸುವ’ ತಂತ್ರಾಂಶ ಬರೆದರು.

ಆರಿಸುವುದಕ್ಕೂ ಒಳಗೆ ವ್ಯವಸ್ಥೆ ಇದೆ. ಮನೆಯ ನೀರಿಗೆ ತೊಟ್ಟಿಯ ಬಳಿ ಒಂದು ವಾಲ್ವು, ಬಚ್ಚಲಲ್ಲಿ ಒಂದು ನಲ್ಲಿ ಇರುವಂತೆ, ಪೀಪಿಯ ದಾರಿಯಲ್ಲೂ ಎರಡು ಸ್ವಿಚ್ಚುಗಳಿವೆ. ಒಂದು ಎಣಿಕೆಯ ಚಿಪ್ಪನ್ನು ಓಡಿಸುತ್ತದೆ, ಇನ್ನೊಂದು ಅದರ ಸ್ವರವನ್ನು ಸ್ಪೀಕರಿನತ್ತ ಬಿಡುತ್ತದೆ. ಎರಡೂ ತೆರೆದರೆ ಮಾತ್ರ ಕೂಗು. ಈ ಸ್ವಿಚ್ಚುಗಳನ್ನು ಮುಟ್ಟುವ ಹಕ್ಕು ಯಾರಿಗಿದೆ ಎಂಬುದೇ ನಮ್ಮ ತಾಯಿಯ ಪ್ರಶ್ನೆಯ ತಿರುಳು.

ಒಂದೇ ಪೀಪಿ, ಊದುವವರು ಮೂವರು

ಬಸ್ಸಿನ ಕಂಡಕ್ಟರ್ ಒಂದು ಸೀಟಿ ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು. ಅದೇ ಸೀಟಿಯನ್ನು ಬಸ್ಸಿನಲ್ಲಿ ಕುಳಿತ ಪುಂಡ ಹುಡುಗನೂ ಹೊಡೆಯಬಹುದು. ಕೇಳುವ ಡ್ರೈವರಿಗೆ ಶಬ್ದ ಒಂದೇ. ಕಂಪ್ಯೂಟರಿನ ಪೀಪಿಯ ಕಥೆಯೂ ಹಾಗೆಯೇ. ಅದನ್ನು ಊದುವವರು ಮೂವರು.

ಮೊದಲನೆಯದು ಬಯಾಸ್, ಅಂದರೆ ಯಂತ್ರ ಆನ್ ಆದ ಕೂಡಲೇ ಏಳುವ ಮೂಲ ತಂತ್ರಾಂಶ. ಅದು ಎದ್ದು ಮೆಮೊರಿ, ಪರದೆ, ಕೀಲಿಮಣೆಗಳನ್ನು ಹಾಜರಿ ಕರೆಯುತ್ತದೆ. ಎಲ್ಲವೂ ಸರಿಯಿದ್ದರೆ ಅನೇಕ ಯಂತ್ರಗಳು ಒಂದು ಚಿಕ್ಕ ಬೀಪ್ ಹೇಳಿ ಮುಂದೆ ಹೋಗುತ್ತವೆ. ಮೆಮೊರಿಯೋ ಚಿತ್ರ ಮೂಡಿಸುವ ಕಾರ್ಡೋ ಕೈಕೊಟ್ಟರೆ ಪರದೆಯ ಮೇಲೆ ಬರೆದು ತಿಳಿಸೋಣವೆಂದರೆ ಪರದೆಯೇ ಇನ್ನೂ ಎದ್ದಿಲ್ಲ. ಆಗ ಉಳಿಯುವ ಒಂದೇ ಬಾಯಿ ಈ ಪೀಪಿ. ಅವಾರ್ಡ್ ಕಂಪನಿಯ ಬಯಾಸಿನಲ್ಲಿ ಒಂದು ಉದ್ದ, ಎರಡು ಚಿಕ್ಕ ಬೀಪ್ ಬಂದರೆ ಚಿತ್ರದ ಕಾರ್ಡಿನ ತೊಂದರೆ. ಎಎಂಐ ಕಂಪನಿಯದ್ದರಲ್ಲಿ ಎಂಟು ಚಿಕ್ಕ ಬೀಪ್ ಬಂದರೆ ಪರದೆಯ ಮೆಮೊರಿಯ ತೊಂದರೆ. ಒಂದೊಂದು ಕಂಪನಿಯದು ಒಂದೊಂದು ಭಾಷೆ, ಮದರ್‌ಬೋರ್ಡಿನ ಕೈಪಿಡಿಯಲ್ಲಿ ಅದರ ಅರ್ಥ ಇರುತ್ತದೆ.

ಎರಡನೆಯದು ಆಪರೇಟಿಂಗ್ ಸಿಸ್ಟಂ, ಅಂದರೆ ಲಿನಕ್ಸ್, ವಿಂಡೋಸ್ ಮೊದಲಾದವು. ಇವು ಎದ್ದ ಮೇಲೆ ಪೀಪಿಯ ಸ್ವಿಚ್ಚುಗಳ ಯಜಮಾನಿಕೆ ಇವುಗಳದು.

ಮೂರನೆಯದು ನಾವು ಬಳಸುವ ಬಿಡಿ ಬಿಡಿ ತಂತ್ರಾಂಶಗಳು. ಇವು ಸಾಮಾನ್ಯವಾಗಿ ಎರಡನೆಯವರನ್ನು ಕೇಳಿಕೊಂಡು ಪೀಪಿ ಊದುತ್ತವೆ. ಹಿಂದೆ ಡಾಸ್ ಕಾಲದಲ್ಲಿ ಕೇಳುವ ಗೊಡವೆಯೇ ಇರಲಿಲ್ಲ, ಯಾರು ಬೇಕಾದರೂ ನೇರವಾಗಿ ಕೈ ಹಾಕಬಹುದಿತ್ತು. 1989ರಲ್ಲಿ ಬಲ್ಗೇರಿಯದಿಂದ ಹೊರಟ ‘ಯಾಂಕಿ ಡೂಡಲ್’ ಎಂಬ ವೈರಸ್ ಸಂಜೆ ಐದಕ್ಕೆ ಸರಿಯಾಗಿ ಆ ಹೆಸರಿನ ಅಮೆರಿಕನ್ ಹಾಡಿನ ಧಾಟಿಯನ್ನು ಇದೇ ಪೀಪಿಯಲ್ಲಿ ಊದುತ್ತಿತ್ತು. ಆಫೀಸು ಬಿಡುವ ಗಂಟೆ ಹೊಡೆಯುವ ವೈರಸ್!

ಈ ಮೂವರ ವ್ಯತ್ಯಾಸ ತಿಳಿದರೆ ನಮ್ಮ ತಾಯಿಯ ಮನೆಯಲ್ಲಿರುವುದು ಒಂದಲ್ಲ, ಎರಡು ಬೇರೆ ಬೇರೆ ಕೂಗು ಎಂದು ಗೊತ್ತಾಗುತ್ತದೆ. ರಾತ್ರಿಯ ಕೂಗು ಮೂರನೆಯವನದು: ‘ಒತ್ತಿದ ಕೀಲಿಗೆ ಅರ್ಥವಿಲ್ಲ’ ಎಂಬ ಸಣ್ಣ ಮಾತು. ಬೆಳಗಿನ ಕೂಗು ಮೊದಲನೆಯವನದು: ‘ನನ್ನ ದೇಹದಲ್ಲೇ ಏನೋ ಸರಿಯಿಲ್ಲ’ ಎಂಬ ದೊಡ್ಡ ಮಾತು. ತಂತಿ ಕಿತ್ತರೆ ಎರಡೂ ನಿಲ್ಲುತ್ತವೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ನಾಳೆ ಯಂತ್ರ ಏಳದೇ ಹೋದರೆ ಕಾರಣ ಹೇಳಲು ಅದಕ್ಕೆ ಬಾಯಿಯೇ ಇರುವುದಿಲ್ಲ. ಮೆಮೊರಿ ಕಡ್ಡಿಯನ್ನು ತೆಗೆದು ಹಾಕಿದರೆ ಸರಿಹೋಗಬಹುದಾಗಿದ್ದ ಯಂತ್ರಕ್ಕೆ ಹೊಸ ಮದರ್‌ಬೋರ್ಡಿನ ದುಡ್ಡು ತೆರಬೇಕಾಗಬಹುದು.

ಪುಟ್ಟ ತಂತ್ರಾಂಶ ಏನು ಮಾಡುತ್ತದೆ?

ಹಾಗಾದರೆ ಮಗ ಇಳಿಸಿಕೊಂಡ ಬಗೆಯ ತಂತ್ರಾಂಶ ಏನು ಮಾಡುತ್ತದೆ? ಬಹುತೇಕ ಇಂಥವು ಎರಡನೆಯ ಯಜಮಾನನ ಬಳಿ ಹೋಗಿ ‘ಪೀಪಿಯ ಉಸ್ತುವಾರಿ ನೋಡುವವನನ್ನು ಮನೆಗೆ ಕಳಿಸು’ ಎನ್ನುತ್ತವೆ. ಆ ಉಸ್ತುವಾರಿಗೆ ಡ್ರೈವರ್ ಎನ್ನುತ್ತಾರೆ. ಡ್ರೈವರ್ ಇಲ್ಲದಿದ್ದರೆ ಪೀಪಿ ಇದ್ದೂ ಊದುವವರಿಲ್ಲ. ಮತ್ತೆ ಒತ್ತಿದರೆ ಅವನನ್ನು ಕರೆಸಿಕೊಳ್ಳುತ್ತವೆ. ಇಡೀ ತಂತ್ರಾಂಶದ ಕೆಲಸ ಇಷ್ಟೇ.

ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಡ್ರೈವರಿನ ಹೆಸರೇ ‘ಬೀಪ್’ ಎಂದಿತ್ತು. ಕಪ್ಪು ಪರದೆಯಲ್ಲಿ ‘ನೆಟ್ ಸ್ಟಾಪ್ ಬೀಪ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಕೂಗು ನಿಲ್ಲುತ್ತಿತ್ತು, ‘ನೆಟ್ ಸ್ಟಾರ್ಟ್ ಬೀಪ್’ ಎಂದರೆ ಮರಳುತ್ತಿತ್ತು. ಪರದೆಯ ಮೂಲೆಯಲ್ಲಿ ಚಿಕ್ಕ ಚಿತ್ರವಾಗಿ ಕುಳಿತು ಇದನ್ನೇ ಒಂದು ಗುಂಡಿಯಲ್ಲಿ ಮಾಡಿಕೊಡುವುದು ಇಂಥ ತಂತ್ರಾಂಶಗಳ ಹೆಚ್ಚುಗಾರಿಕೆ. 2009ರಲ್ಲಿ ಬಂದ ವಿಂಡೋಸ್ 7 ಈ ವ್ಯವಸ್ಥೆಯನ್ನೇ ಬದಲಿಸಿತು. ಬೀಪ್ ಎನ್ನುವ ಕೋರಿಕೆಯನ್ನು ಅದು ಒಳಗಿನ ಪೀಪಿಗೆ ಕಳಿಸದೆ ಸೌಂಡ್ ಕಾರ್ಡಿನ ಮೂಲಕ ಮಾಮೂಲು ಸ್ಪೀಕರಿಗೆ ಕಳಿಸಿತು. ಆದ್ದರಿಂದ ಇತ್ತೀಚಿನ ವಿಂಡೋಸ್ ಇರುವವರಿಗೆ ಈ ತಂತ್ರಾಂಶದ ಅಗತ್ಯವೇ ಇಲ್ಲ. ಸದ್ದಿನ ಗುಂಡಿಯನ್ನು ತಗ್ಗಿಸಿದರೆ ಬೀಪೂ ತಗ್ಗುತ್ತದೆ. ಲಿನಕ್ಸಿನಲ್ಲಿ ಮಾತ್ರ ಪೀಪಿಗೆಂದೇ ಪ್ರತ್ಯೇಕ ಡ್ರೈವರ್ ಈಗಲೂ ಇದೆ. ಕೆಲವು ಬಗೆಯ ಲಿನಕ್ಸ್ ಅದನ್ನು ತಾವೇ ಮಲಗಿಸಿಡುತ್ತವೆ, ಕೆಲವು ಎಚ್ಚರವಾಗಿಡುತ್ತವೆ.

ಇಲ್ಲಿ ಎರಡು ಮಾತು ಗಮನಿಸಿ. ಒಂದು, ಇಂಥ ತಂತ್ರಾಂಶ ಬೆಳಗಿನ ಕೂಗನ್ನು ನಿಲ್ಲಿಸಲಾರದು. ಬಯಾಸ್ ಕೂಗುವಾಗ ಲಿನಕ್ಸ್ ಇನ್ನೂ ಹಾಸಿಗೆ ಬಿಟ್ಟು ಎದ್ದಿರುವುದಿಲ್ಲ. ಎರಡು, ಡ್ರೈವರನ್ನು ಕಳಿಸುವುದು, ಕರೆಸುವುದು ಮನೆಯ ಯಜಮಾನರು ಮಾಡುವ ಕೆಲಸ. ಅದಕ್ಕೇ ಅದು ಮುಖ್ಯ ಪಾಸ್‌ವರ್ಡ್ ಕೇಳುತ್ತದೆ. ಕೇಳಿದ ಮಾತ್ರಕ್ಕೆ ಅದು ಕಳ್ಳ ತಂತ್ರಾಂಶ ಎನ್ನಲಾಗದು. ಹಾಗೆಂದು ಕೊಟ್ಟುಬಿಡಬಹುದೇ?

ಸಣ್ಣ ಕೆಲಸ, ದೊಡ್ಡ ಕೀಲಿಕೈ

ಇದಕ್ಕೆ ನಿಜವಾಗಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಲಿನಕ್ಸಿನಲ್ಲಿ ‘ಬೀಪ್’ ಎಂಬ ಹೆಸರಿನದೇ ಒಂದು ಪುಟಾಣಿ ತಂತ್ರಾಂಶವಿದೆ. ಅದರ ಕೆಲಸ ಹೇಳಿದ ಸ್ವರದಲ್ಲಿ, ಹೇಳಿದಷ್ಟು ಹೊತ್ತು ಪೀಪಿ ಊದುವುದು, ಅಷ್ಟೇ. ಪೀಪಿ ಮುಟ್ಟಲು ಯಜಮಾನಿಕೆ ಬೇಕಲ್ಲ? ಪ್ರತಿ ಸಲ ಪಾಸ್‌ವರ್ಡ್ ಕೇಳುವ ಕಿರಿಕಿರಿ ಬೇಡವೆಂದು ಹಲವು ಕಂಪ್ಯೂಟರುಗಳಲ್ಲಿ ಅದಕ್ಕೆ ಶಾಶ್ವತವಾಗಿ ಯಜಮಾನನ ಅಧಿಕಾರ ಕೊಟ್ಟು ಕೂರಿಸಿದ್ದರು. ಪೀಪಿ ಊದುವವನಿಂದ ಏನು ಅಪಾಯ ಎಂದು ಯಾರಿಗೂ ಅನ್ನಿಸಲಿಲ್ಲ.

2018ರ ಏಪ್ರಿಲ್‌ನಲ್ಲಿ ಗುಟ್ಟು ಹೊರಬಿತ್ತು. ಆ ತಂತ್ರಾಂಶದ 1.3.4 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಒಂದು ತೂತು ಇತ್ತು. ಎರಡು ಕೆಲಸಗಳ ನಡುವಿನ ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತಿನಲ್ಲಿ ಅದನ್ನು ಬೆಚ್ಚಿಬೀಳಿಸಿದರೆ, ಅದು ತನ್ನ ಯಜಮಾನನ ಅಧಿಕಾರದಿಂದಲೇ ಬೇರೆ ಕಡತವನ್ನು ತಿದ್ದಿಬಿಡುವಂತೆ ಮಾಡಬಹುದಿತ್ತು. ಅದೇ ಕಂಪ್ಯೂಟರಿನಲ್ಲಿ ಸಾಮಾನ್ಯ ಖಾತೆ ಇರುವ ಯಾರೇ ಆದರೂ ಹೀಗೆ ಇಡೀ ಕಂಪ್ಯೂಟರಿನ ಒಡೆತನಕ್ಕೆ ಕೈಹಾಕಬಹುದಿತ್ತು. ಭದ್ರತಾ ದೋಷಗಳ ಜಾಗತಿಕ ಪಟ್ಟಿಯಲ್ಲಿ ಇದಕ್ಕೆ ಸಿವಿಇ-2018-0492 ಎಂಬ ಸಂಖ್ಯೆ ಬಿತ್ತು. ಡೆಬಿಯನ್ ಮೊದಲಾದ ಲಿನಕ್ಸ್ ತಂಡಗಳು ತಿದ್ದುಪಡಿ ಹೊರಡಿಸಿದವು. ಗೇಲಿಗಾರರು ಈ ದೋಷಕ್ಕೆ ‘ಹೋಲಿ ಬೀಪ್’ ಎಂದು ಹೆಸರಿಟ್ಟರು. ‘ತೂತುಬಿದ್ದ ಬೀಪ್’ ಎನ್ನಿ.

ಪೇಪರ್ ಹಾಕುವ ಹುಡುಗನಿಗೆ ಬೀರುವಿನ ಕೀಲಿಕೈ ಕೊಟ್ಟ ಹಾಗಾಯಿತು. ಹುಡುಗ ಒಳ್ಳೆಯವನೇ. ಆದರೆ ಬೀದಿಯಲ್ಲಿ ಅವನ ಜೇಬಿಗೆ ಕೈ ಹಾಕಿದವನು ಒಳ್ಳೆಯವನಾಗಿರಬೇಕಲ್ಲ! ಎಲ್ಲರೂ ನೋಡಿ ತಿದ್ದಬಹುದಾದ, ವರ್ಷಗಟ್ಟಲೆ ಬಳಕೆಯಲ್ಲಿದ್ದ ತಂತ್ರಾಂಶದ ಕಥೆಯೇ ಹೀಗೆ. ಎಲ್ಲಿಂದಲೋ ಇಳಿಸಿಕೊಂಡ, ಬರೆದವರಾರೆಂದು ತಿಳಿಯದ ತಂತ್ರಾಂಶದ ಮಾತು ಕೇಳಬೇಕೆ? ಕೆಲಸ ಚಿಕ್ಕದೆಂದು ಅದಕ್ಕೆ ಕೊಡುವ ಅಧಿಕಾರವೂ ಚಿಕ್ಕದಾಗಿರುತ್ತದೆ ಎಂದು ತಿಳಿಯಬಾರದು. ಮಕ್ಕಳಿಗೆ ಹೇಳಿಕೊಡಬೇಕಾದ ಮೊದಲ ಪಾಠ ಇದು: ಯಾವುದೇ ತಂತ್ರಾಂಶ ಪಾಸ್‌ವರ್ಡ್ ಕೇಳಿದಾಗ ‘ಇದು ಒಳ್ಳೆಯದೋ ಕೆಟ್ಟದ್ದೋ’ ಎಂದು ಯೋಚಿಸುವ ಮೊದಲು ‘ಇದೇ ಕೆಲಸ ಪಾಸ್‌ವರ್ಡ್ ಇಲ್ಲದೆ ಆಗುತ್ತದೆಯೇ’ ಎಂದು ಕೇಳಿಕೊಳ್ಳಬೇಕು.

ನಾನು ಮಾಡಿದ ತಪ್ಪು

ಎರಡನೆಯ ಪಾಠವನ್ನು ನಾನು ಕಲಿತದ್ದು ನಾಚಿಕೆಪಟ್ಟು. 2004ರ ಸುಮಾರಿಗೆ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನನ್ನ ಮೇಲಿತ್ತು. ಇಪ್ಪತ್ತು ಯಂತ್ರಗಳು, ನಲವತ್ತು ಹುಡುಗರು. ಕೀಲಿಮಣೆಯ ಮೇಲೆ ಅಂಗೈ ಇಟ್ಟು ಒತ್ತಿದರೆ ಪೀಪಿ ಕೂಗುತ್ತದೆಂದು ಒಬ್ಬ ಕಂಡುಹಿಡಿದ. ಮರುದಿನದಿಂದ ಲ್ಯಾಬು ಕಪ್ಪೆ ತುಂಬಿದ ಕೆರೆಯಾಯಿತು. ತಲೆಚಿಟ್ಟು ಹಿಡಿದು ನಾನು ಒಂದು ಶನಿವಾರ ಕುಳಿತು, ಇಪ್ಪತ್ತು ಯಂತ್ರಗಳಲ್ಲೂ ಬೀಪ್ ಡ್ರೈವರನ್ನು ಕಾಯಮ್ಮಾಗಿ ಮಲಗಿಸಿದೆ. ಸೋಮವಾರ ಲ್ಯಾಬು ದೇವಸ್ಥಾನದಷ್ಟು ಪ್ರಶಾಂತ. ಪ್ರಿನ್ಸಿಪಾಲರೂ ಮೆಚ್ಚಿದರು.

ಆ ವಾರದ ಕೊನೆಗೆ ಆಂತರಿಕ ಪರೀಕ್ಷೆ. ತರಗತಿಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿದ್ದ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಿದ್ದ. ಆದರೆ ಆ ತಂತ್ರಾಂಶ ಏಳುವುದು ಪಾಸ್‌ವರ್ಡ್ ಹಾಕಿ ಒಳಗೆ ಹೋದ ಮೇಲೆ. ಅದಕ್ಕೆ ಮೊದಲು ಅವನಿಗೆ ಇದ್ದ ಒಂದೇ ಆಸರೆ, ವಿಂಡೋಸಿನಲ್ಲಿರುವ ‘ಟಾಗಲ್ ಕೀಸ್’ ಎಂಬ ಸೌಲಭ್ಯ. ನಮ್ ಲಾಕ್ ಕೀಲಿಯನ್ನು ಐದು ಸೆಕೆಂಡು ಒತ್ತಿಹಿಡಿದರೆ ಅದು ಶುರುವಾಗುತ್ತದೆ. ಆಮೇಲೆ ಕ್ಯಾಪ್ಸ್ ಲಾಕ್ ಒತ್ತಿದಾಗಲೆಲ್ಲ ಒಂದು ಸ್ವರ, ಬಿಟ್ಟಾಗ ಇನ್ನೊಂದು. ನಮಗೆ ಕೀಲಿಮಣೆಯ ಹಸಿರು ದೀಪ ಹೇಳುವುದನ್ನು ಅವನಿಗೆ ಪೀಪಿ ಹೇಳುತ್ತಿತ್ತು.

ಅಂದು ಯಾರದೋ ಕೈ ತಾಗಿ ಕ್ಯಾಪ್ಸ್ ಲಾಕ್ ಬಿದ್ದಿತ್ತು. ಅವನು ಮೂರು ಸಲ ಪಾಸ್‌ವರ್ಡ್ ಒತ್ತಿದ, ಮೂರು ಸಲವೂ ತಪ್ಪು. ಲ್ಯಾಬಿನ ನಿಯಮದಂತೆ ಖಾತೆಗೆ ಬೀಗ ಬಿತ್ತು. ಅದನ್ನು ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು. ನಾನು ‘ಪಾಸ್‌ವರ್ಡ್ ಮರೆತೆಯೇನಪ್ಪ?’ ಎಂದೆ. ಅವನು ಮೆಲ್ಲಗೆ, ‘ಇಲ್ಲ ಸಾರ್, ಮೊದಲು ಈ ಕಂಪ್ಯೂಟರು ಹೇಳ್ತಿತ್ತು, ಈಗ ಹೇಳ್ತಿಲ್ಲ’ ಎಂದ.

ಅವನಿಗೆ ಅರ್ಧ ಗಂಟೆ ಹೆಚ್ಚಿಗೆ ಕೊಡಿಸಿದೆ. ಸಂಜೆಯೇ ಡ್ರೈವರನ್ನು ಎಲ್ಲ ಯಂತ್ರಗಳಲ್ಲೂ ಮರಳಿ ಕೂರಿಸಿದೆ. ಹುಡುಗರನ್ನು ಕರೆದು ನಡೆದದ್ದನ್ನು ಹೇಳಿದೆ. ಕಪ್ಪೆಗಳು ತಾವಾಗಿಯೇ ಸುಮ್ಮನಾದವು. ಆ ಕೆಲಸವನ್ನು ನಾನು ಮೊದಲೇ ಮಾಡಬಹುದಿತ್ತು.

ಈಗ ಕಾಲ ಬದಲಾಗಿದೆ. ಆಸ್ಟ್ರೇಲಿಯದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಶುರುಮಾಡಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ಕಡತ ನಕಲಾಗುವಾಗ ಕೆಲಸ ಎಷ್ಟು ಮುಗಿಯಿತೆಂಬುದನ್ನು ಏರುತ್ತಾ ಹೋಗುವ ಬೀಪ್ ಸ್ವರಗಳಿಂದ ತಿಳಿಸುತ್ತದೆ. ಟಾಗಲ್ ಕೀಸ್ ಇಂದಿನ ವಿಂಡೋಸಿನಲ್ಲೂ ಇದೆ. ಕಿವಿ ಕೇಳದವರಿಗೆ ಬೀಪ್ ಬದಲು ಪರದೆಯನ್ನೇ ಮಿಂಚಿಸುವ ವ್ಯವಸ್ಥೆಯೂ ಇದೆ. ಒಬ್ಬರಿಗೆ ಕಿರಿಕಿರಿಯಾದದ್ದು ಇನ್ನೊಬ್ಬರಿಗೆ ಕಣ್ಣಾಗಿರಬಹುದು. ಹಂಚಿಕೊಂಡು ಬಳಸುವ ಯಂತ್ರದಲ್ಲಿ ಇದನ್ನು ಮರೆಯುವಂತಿಲ್ಲ.

ತಾಯಿಗೆ ಉತ್ತರ

ಅಮ್ಮ, ನಿಮ್ಮ ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ. ಅಜ್ಜಿಯ ನಿದ್ದೆಗೆ ಅದರ ಅಗತ್ಯವಿಲ್ಲ.

ನಿಮ್ಮ ಮಗನ ಖಾತೆಯ ಮನೆಕಡತಗಳಲ್ಲಿ ಚುಕ್ಕೆಯಿಂದ ಶುರುವಾಗುವ ‘ಇನ್‌ಪುಟ್‌ಆರ್‌ಸಿ’ ಎಂಬ ಕಡತ ಇರುತ್ತದೆ. ಇಲ್ಲದಿದ್ದರೆ ಹೊಸದಾಗಿ ಮಾಡಿಕೊಳ್ಳಬಹುದು. ಅದರಲ್ಲಿ ‘ಸೆಟ್ ಬೆಲ್-ಸ್ಟೈಲ್ ನನ್’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಉಳಿಸಲಿ. ಒಮ್ಮೆ ಹೊರಬಂದು ಮತ್ತೆ ಒಳಗೆ ಹೋದರೆ, ಆಜ್ಞೆಯ ಸಾಲಿನಲ್ಲಿ ಕೈತಪ್ಪಿದಾಗ ಬರುತ್ತಿದ್ದ ಬೀಪ್ ನಿಂತಿರುತ್ತದೆ. ಕಡೆಯ ‘ನನ್’ ಬದಲು ‘ವಿಸಿಬಲ್’ ಎಂದು ಬರೆದರೆ, ಕೂಗಿನ ಬದಲು ಪರದೆ ಒಮ್ಮೆ ಮಿನುಗುತ್ತದೆ. ಕಲಿಯುವವನಿಗೆ ತಪ್ಪು ತಿಳಿಯುವುದು ಒಳ್ಳೆಯದಾದ್ದರಿಂದ ನನಗೆ ಇದೇ ಹೆಚ್ಚು ಇಷ್ಟ. ಇದು ಅವನ ಖಾತೆಗೆ ಮಾತ್ರ ತಟ್ಟುವ ಬದಲಾವಣೆ. ಪಾಸ್‌ವರ್ಡ್ ಬೇಡ, ಇಳಿಸಿಕೊಂಡ ತಂತ್ರಾಂಶ ಬೇಡ, ಸ್ಕ್ರೂಡ್ರೈವರ್ ಬೇಡ.

ಇಷ್ಟಾದ ಮೇಲೂ ಬೇರೆ ಯಾವುದೋ ತಂತ್ರಾಂಶ ರಾತ್ರಿ ಕೂಗಿದರೆ, ಆಗ ನೀವೇ ಪಕ್ಕದಲ್ಲಿ ಕುಳಿತು ಪೀಪಿಯ ಡ್ರೈವರನ್ನು ಕಳಿಸಿ. ‘ಸುಡೋ ಮಾಡ್‌ಪ್ರೋಬ್ -ಆರ್’ ಎಂದು ಬರೆದು, ಜಾಗ ಬಿಟ್ಟು, ಪಿ, ಸಿ, ಎಸ್, ಪಿ, ಕೆ, ಆರ್ ಎಂಬ ಆರು ಚಿಕ್ಕಕ್ಷರಗಳನ್ನು ಕೂಡಿಸಿ ಬರೆದರೆ ಆಯಿತು. ಪಾಸ್‌ವರ್ಡನ್ನು ನೀವೇ ಒತ್ತಿ. ಕಂಪ್ಯೂಟರ್ ಮತ್ತೆ ಶುರುಮಾಡಿದಾಗ ಡ್ರೈವರ್ ತಾನೇ ಮರಳಿ ಬರುತ್ತದೆ, ಏನೂ ಹಾಳಾಗುವುದಿಲ್ಲ. ಇಳಿಸಿಕೊಂಡ ತಂತ್ರಾಂಶ ಮಾಡುತ್ತಿದ್ದುದೂ ಇದನ್ನೇ ಇರಬಹುದು. ಆದರೆ ಇಲ್ಲಿ ಏನು ಮಾಡುತ್ತಿದ್ದೀರಿ ಎಂಬುದು ನಿಮ್ಮ ಕಣ್ಣೆದುರಿಗೆ ಇದೆ.

ಇನ್ನು ಬೆಳಗಿನ ಕೂಗು. ಅದನ್ನು ನಿಲ್ಲಿಸಬೇಡಿ, ಕೇಳಿಸಿಕೊಳ್ಳಿ. ಎಷ್ಟು ಸಲ ಕೂಗಿತು, ಉದ್ದವೋ ಚಿಕ್ಕದೋ ಎಂದು ಮಗ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಪರದೆ ಕಪ್ಪಾಗಿದ್ದು ಬಿಡದೆ ಕೂಗಿದರೆ ಮೊದಲ ಅನುಮಾನ ಮೆಮೊರಿ ಕಡ್ಡಿಯ ಮೇಲೆ. ಹಳೆಯ ಯಂತ್ರಗಳಲ್ಲಿ ಧೂಳಿನಿಂದ, ಮಾಸಿದ ತುದಿಗಳಿಂದ ಅದು ಸರಿಯಾಗಿ ಕೂತಿರುವುದಿಲ್ಲ. ಪ್ಲಗ್ ಪೂರ್ತಿ ಕಿತ್ತ ಮೇಲೆ ಕಡ್ಡಿಯನ್ನು ತೆಗೆದು, ಹೊಂಬಣ್ಣದ ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿ ಊದಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸುವುದು ರಿಪೇರಿಯವರೆಲ್ಲ ಮಾಡುವ ಮೊದಲ ಚಿಕಿತ್ಸೆ. ಧೈರ್ಯವಿಲ್ಲದಿದ್ದರೆ ಅಂಗಡಿಗೇ ಒಯ್ಯಿರಿ. ಆದರೆ ‘ತಂತಿ ಕಿತ್ತುಕೊಡಿ’ ಎನ್ನಬೇಡಿ. ಆ ಚೀಟಿ ತೋರಿಸಿ, ‘ಹೀಗೆ ಕೂಗುತ್ತದೆ, ಮೆಮೊರಿ ನೋಡಿ’ ಎನ್ನಿ. ಕಾಯಿಲೆಯ ಹೆಸರು ಹೇಳುವ ಗಿರಾಕಿಯ ಮುಂದೆ ಹೊಸ ಮದರ್‌ಬೋರ್ಡಿನ ಮಾತು ಸುಲಭಕ್ಕೆ ಬರುವುದಿಲ್ಲ.

ಮಗನಿಗೂ ಒಂದು ಮಾತು. ಗುಂಡಿ ಒತ್ತಿದರೆ ಬಂದ್ ಆಗುವ ತಂತ್ರಾಂಶ ಹುಡುಕಿದ್ದು ತಪ್ಪಲ್ಲ, ಅಜ್ಜಿಯ ನಿದ್ದೆಯ ಚಿಂತೆ ನಿನಗಿತ್ತು ಎಂಬುದೇ ಸಂತೋಷ. ಆದರೆ ಕಂಪ್ಯೂಟರ್ ಕಲಿಯುವವನು ಇನ್ನೊಬ್ಬರು ಮಾಡಿಟ್ಟ ಗುಂಡಿ ಒತ್ತುವ ಮೊದಲು ಅದು ಒಳಗೆ ಏನನ್ನು ಒತ್ತುತ್ತದೆಂದು ನೋಡಬೇಕು. ಈ ಭಾನುವಾರ ಹಗಲು ಹೊತ್ತಿನಲ್ಲಿ, ಅಜ್ಜಿ ಎದ್ದಿರುವಾಗ, ಮೇಲಿನ ಲೆಕ್ಕದಂತೆ ಸ, ಪ, ಮೇಲಿನ ಸ ಈ ಮೂರು ಸ್ವರಗಳ ಭಾಜಕವನ್ನು ನೀನೇ ಭಾಗಿಸಿ ನೋಡು. ಮಧ್ಯಮ ಷಡ್ಜದ ಮೂರನೆಯ ನಾಲ್ಕು ಪಾಲು, ಅಂದರೆ 320 ಕಂಪನ. ಅದರ ಭಾಜಕವನ್ನು ನಾನು ಹೇಳುವುದಿಲ್ಲ. ಉತ್ತರ ಬರೆದು ಕಳಿಸು. ಬೆಳಗಿನ ಕೂಗು ಏನು ಹೇಳುತ್ತಿತ್ತು ಎಂಬುದನ್ನೂ ಅದೇ ಕಾಗದದಲ್ಲಿ ಬರೆ.